ಪೆನ್‌ಡ್ರೈವ್ ಎಳೆಯುವ ಮುನ್ನ

ನಮ್ಮದು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆ. ಯೂನಿಟ್ ಟೆಸ್ಟಿನ ಪ್ರಶ್ನೆಗಳು ಮಲಯಾಳದಲ್ಲಿ ಸಿಗುತ್ತವೆ, ಕನ್ನಡಕ್ಕೆ ನಾವೇ ತರಬೇಕು. ಒಮ್ಮೆ ಎರಡು ರಾತ್ರಿ ಕೂತು ಟೈಪ್ ಮಾಡಿದ ಪತ್ರಿಕೆಯನ್ನು ಶಾಲೆಯ ಲಿನಕ್ಸ್ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಕಟ್-ಪೇಸ್ಟ್ ಮಾಡಿದೆವು. ಮುಗಿಯಿತೆಂದು ಕಂಡದ್ದೇ ಎಳೆದುಕೊಂಡು ಪೇಟೆಗೆ ಓಡಿದೆವು. ಪ್ರಿಂಟ್ ಅಂಗಡಿಯಲ್ಲಿ ನೋಡಿದರೆ ಫೈಲಿನ ಹೆಸರಿದೆ, ಒಳಗೆ ಏನೂ ಇಲ್ಲ!

ಆಮೇಲೆ ಓದಿ ತಿಳಿದುಕೊಂಡೆವು. ಡಿಸ್ಕ್ ನಿಧಾನ, ಮೆಮೊರಿ ವೇಗ. ಅದಕ್ಕೇ ಕರ್ನಲ್ ನಾವು ಬರೆದದ್ದನ್ನು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ಮೊದಲು ಮೆಮೊರಿಯ ಪೇಜ್ ಕ್ಯಾಶಿನಲ್ಲಿಟ್ಟು 'ಡರ್ಟಿ' ಎಂದು ಗುರುತು ಹಾಕುತ್ತದೆ. ಹೆಚ್ಚಾಗಿ 30 ಸೆಕೆಂಡು ಕಳೆದ ಪುಟಗಳನ್ನು ಹಿನ್ನೆಲೆಯಲ್ಲಿ ಡಿಸ್ಕಿಗೆ ಇಳಿಸುತ್ತದೆ. ಅಂಕಗಳನ್ನು ಚೀಟಿಯಲ್ಲಿ ಬರೆದಿಟ್ಟು ಸಂಜೆ ರಿಜಿಸ್ಟರಿಗೆ ಏರಿಸುತ್ತೇವಲ್ಲ, ಹಾಗೆ. ಏರಿಸುವ ಮೊದಲೇ ಚೀಟಿ ಕಳೆದರೆ ಅಂಕವೂ ಹೋಯಿತು.

ಈಗಲೇ ಇಳಿಸು ಎಂದು ಹೇಳಲು 'ಎಫ್‌ಸಿಂಕ್' ಇದೆ. ಅದೂ ಕೈಕೊಟ್ಟದ್ದುಂಟು. ಇಳಿಸಲಾಗದ ಪುಟವನ್ನೂ ಲಿನಕ್ಸ್ 'ಶುದ್ಧ' ಎಂದು ಗುರುತಿಸುತ್ತದೆ, ಎರಡನೇ ಸಲ ಕೇಳಿದರೆ ಎಲ್ಲ ಸರಿ ಅನ್ನುತ್ತದೆ ಎಂಬುದು 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನವರ ಗಮನಕ್ಕೆ ಬಂತು. ಈಗ ಪೋಸ್ಟ್‌ಗ್ರೆಸ್‌ನಲ್ಲಿ ಎಫ್‌ಸಿಂಕ್ ಸೋತರೆ ಸರ್ವರೇ ನಿಂತು, ತನ್ನ ಲಾಗ್ ಓದಿ ಮತ್ತೆ ಏಳುತ್ತದೆ. ಸುಳ್ಳು ಧೈರ್ಯಕ್ಕಿಂತ ಅದು ಮೇಲು.

ನಾವು ಆ ರಾತ್ರಿ ಮತ್ತೆ ಟೈಪ್ ಮಾಡಿದೆವು. ಮಕ್ಕಳು ಪರೀಕ್ಷೆಯನ್ನು ಒಂದು ದಿನ ತಡವಾಗಿ ಬರೆದರು. ಈಗ ಲ್ಯಾಬಿನಲ್ಲಿ ಅವರಿಗೆ ಮೊದಲು ಹೇಳುವುದು ಇದನ್ನೇ: ಕಟ್ ಬೇಡ, ಕಾಪಿ ಮಾಡಿ, 'ಇಜೆಕ್ಟ್' ಒತ್ತಿ, ತೆಗೆಯಬಹುದು ಎನ್ನುವ ತನಕ ಕಾಯಿರಿ...