ಹಗೇವು ‘ಹಗೇಮ’ವಾದ ಬಗೆ

ಹಗೇವು ಎಂದರೇನೆಂದು ಉತ್ತರ ಕರ್ನಾಟಕದ ಒಕ್ಕಲು ಮನೆತನದ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಜೋಳವನ್ನು ಕೆಡದಂತೆ ಕಾಪಿಡಲು ನೆಲದೊಳಗೆ ತೋಡಿದ ಕಣಜವದು. ಕಳೆದ ವರ್ಷ ನಮ್ಮ ಕೈಸೇರಿದ ಒಂದು ಕರಡಿನಲ್ಲಿ ಈ ಪದವು ‘ಹಗೇಮ’ ಎಂದು ಅಚ್ಚಾಗಿತ್ತು. ಕರಡನ್ನು ಸಿದ್ಧಪಡಿಸಿದವಳು ನಮ್ಮ ಶಿಷ್ಯರೊಬ್ಬರ ಮಗಳು, ಗಣಕವಿದ್ಯೆ ಓದಿದವಳು. “ಅಜ್ಜಾರ, ಹಗೇಮ ಅಂದ್ರೇನ್ರಿ?” ಎಂದು ಕೇಳಿದಳು. ನಾವು ಸಿಡುಕಿದೆವು. “ಅದು ಏನೂ ಅಲ್ಲ ತಾಯಿ, ನಿನ್ನ ಯಂತ್ರದ ಅವಾಂತರ” ಎಂದುಬಿಟ್ಟೆವು. ಆ ಮಾತನ್ನು ಹಿಂದೆಗೆದುಕೊಳ್ಳಲು ನಮಗೆ ಎರಡು ದಿನ ಬೇಕಾಯಿತು.

ಇದರ ಹಿನ್ನೆಲೆಯನ್ನು ಅರುಹಬೇಕು. ಮಠದ ಪಾಠಶಾಲೆಯಲ್ಲಿ ನಮಗಿಂತ ಮುಂದಿದ್ದ ಹಿರಿಯ ಗುರುಬಂಧುಗಳೊಬ್ಬರು ಮೂವತ್ತು ವರ್ಷಗಳ ಕಾಲ ಊರೂರು ತಿರುಗಿ ಒಕ್ಕಲುತನದ ಮಾತುಗಳನ್ನು ಸಂಗ್ರಹಿಸಿದ್ದರು. ಕೂರಿಗೆ, ಕುಂಟೆ, ಮಿಣಿ, ಮೇಟಿ, ಹಂತಿ ಮೊದಲಾದ ಪದಗಳು, ಅವುಗಳ ಅರ್ಥ, ಹೇಳಿದವರ ಊರು, ಇಷ್ಟನ್ನೂ ಚೀಟಿಗಳಲ್ಲಿ ಬರೆದು, ಆ ಚೀಟಿಗಳನ್ನು ತಗಡಿನ ಡಬ್ಬಿಗಳಲ್ಲಿ ತುಂಬಿದ್ದರು. ೨೦೦೨ರಲ್ಲಿ ಅವರೂ ನಾವೂ ಕೂಡಿ ಅವನ್ನೆಲ್ಲ ಪಟ್ಟಣದ ಒಂದು ಡಿಟಿಪಿ ಕೇಂದ್ರದಲ್ಲಿ ಗಣಕಕ್ಕೆ ಏರಿಸಿದೆವು. ಮುದ್ರಣಕ್ಕೆ ಹಣ ಒದಗಲಿಲ್ಲ. ಒಂದು ಸಿ.ಡಿ. ಮಾತ್ರ ನಮ್ಮ ಪಾಲಿಗೆ ಉಳಿಯಿತು. ೨೦೦೬ರಲ್ಲಿ ಅವರು ಲಿಂಗೈಕ್ಯರಾದರು. ಗಣಕದಲ್ಲಿ ಭದ್ರವಾಗಿದೆಯಲ್ಲ ಎಂಬ ನೆಚ್ಚಿಕೆಯಿಂದ ನಾವು ಡಬ್ಬಿಗಳ ಕಡೆ ಕಣ್ಣು ಹಾಯಿಸಲಿಲ್ಲ. ಮಳೆಗಾಲದಲ್ಲಿ ಮಾಡು ಸೋರಿ, ಗೆದ್ದಲು ಹತ್ತಿ, ಚೀಟಿಗಳು ಮಣ್ಣಾದುವು. ಈ ತಪ್ಪು ನಮ್ಮದು; ಇದನ್ನು ಹೊರಿಸಲು ಬೇರೊಬ್ಬರಿಲ್ಲ.

ಕಳೆದ ವರ್ಷ ಆ ಸಿ.ಡಿ.ಯನ್ನು ತೆರೆಸಿದಾಗ ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ನಡುನಡುವೆ ಬ್ರಿಟನ್ನಿನ ಪೌಂಡು ಹಣದ ಗುರುತು! ನಮಗೆ ಎದೆ ಧಸಕ್ಕೆಂದಿತು. ಹುಡುಗಿ ನಕ್ಕು, “ಇದು ‘ಕನ್ನಡ’ ಅಂತಾನ ಐತ್ರಿ ಅಜ್ಜಾರ. ಪೌಂಡು ಅಂದ್ರ ಇಲ್ಲಿ ನಕಾರರೀ” ಎಂದಳು.

ಹೀಗೇಕೆ ಎಂಬುದನ್ನು ನಾವು ಅವಳಿಂದಲೇ ಪಾಠ ಹೇಳಿಸಿಕೊಂಡೆವು. ಅಂದಿನ ಫಾಂಟುಗಳಲ್ಲಿ ೨೫೬ ಮನೆಗಳಿದ್ದುವು. ಅವುಗಳಲ್ಲಿಯೂ ಕೆಲವು ಬಳಕೆಗೆ ಒದಗುತ್ತಿರಲಿಲ್ಲ. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಸವು. ಆದುದರಿಂದ ಅಕ್ಷರಗಳನ್ನು ತುಂಡರಿಸಿ, ತಲೆಕಟ್ಟಿಗೊಂದು, ಕೊಂಬಿಗೊಂದು, ಮಹಾಪ್ರಾಣದ ಸೀಳಿಗೊಂದು ಮನೆ ಕೊಟ್ಟರು. ಇಂಗ್ಲಿಷಿನ ಅಕ್ಷರಗಳು ಕುಳಿತಿದ್ದ ಮನೆಗಳಲ್ಲಿಯೇ ಈ ತುಂಡುಗಳು ಬಿಡಾರ ಹೂಡಿದುವು. ಒಬ್ಬೊಬ್ಬ ತಯಾರಕನೂ ತನಗೆ ತೋಚಿದ ಮನೆ ಹಂಚಿದ್ದರಿಂದ ಒಬ್ಬನ ಕಡತವು ಮತ್ತೊಬ್ಬನ ಗಣಕದಲ್ಲಿ ಓದಿಗೆ ಬರುತ್ತಿರಲಿಲ್ಲ. ಮುಂದೆ ‘ನುಡಿ’, ‘ಬರಹ’ಗಳು ಒಂದೇ ಸಂಕೇತಕ್ರಮಕ್ಕೆ ಬಂದುದರಿಂದ ತೊಡಕು ಎಷ್ಟೋ ಕಡಿಮೆಯಾಯಿತು. ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯ ಬಗೆಯೇ ಬೇರೆ. ೧೯೯೧ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡವಿದೆ. ನಮ್ಮ ಲಿಪಿಗೆಂದೇ ೧೨೮ ಮನೆಗಳು ಮೀಸಲಾಗಿವೆ. ಅದು ಎಣಿಸುವುದು ಅಕ್ಷರವನ್ನು, ಅಕ್ಷರದ ಆಕಾರವನ್ನಲ್ಲ.

ಈ ಎರಡು ಪದ್ಧತಿಗಳ ನಡುವೆ ನಿಂತು ಮಾತು ತಿಳಿಸುವುದೇ ಪರಿವರ್ತಕ ತಂತ್ರಾಂಶ. ನಮ್ಮ ಹುಡುಗರು ಇಂಥವನ್ನು ಬರೆದು ಉಚಿತವಾಗಿ ಹಂಚಿದ್ದಾರೆ. ಅವರಿಗೆ ಒಳಿತಾಗಲಿ. ದೊಡ್ಡ ವ್ಯವಸ್ಥೆಗಳಲ್ಲಿ ಹೀಗೆ ನಡುವೆ ನಿಲ್ಲುವ ತಂತ್ರಾಂಶಕ್ಕೆ ಮಿಡ್ಲ್‌ವೇರ್ ಎಂಬ ಹೆಸರಿದೆಯಂತೆ. ರೈಲ್ವೆಯ ದಿಲ್ಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದುಗಳ ಮುಂಗಡ ಟಿಕೇಟಿನ ಗಣಕಗಳು ಮೊದಲು ತಮ್ಮ ತಮ್ಮಷ್ಟಕ್ಕೆ ಇದ್ದುವು; ೧೯೯೯ರಲ್ಲಿ ಐದೂ ಒಂದಕ್ಕೊಂದು ಕೂಡಿದುವು. ಇಂದು ನಾವು ಹುಬ್ಬಳ್ಳಿಯಲ್ಲಿ ಕುಳಿತು ದಿಲ್ಲಿಯಿಂದ ಮರಳುವ ಟಿಕೇಟನ್ನೂ ಕೊಳ್ಳುವುದು ಅಂಥ ಜೋಡಣೆಯ ದೆಸೆಯಿಂದ.

ಇನ್ನು ನಮ್ಮ ಪದಕೋಶಕ್ಕೆ ಬರೋಣ. ಹುಡುಗಿ ಮೊದಲು ಬಳಸಿದ ಪರಿವರ್ತಕವು ಮುನ್ನುಡಿಯ ‘ಸಾಮರ್ಥ್ಯ’ವನ್ನು ‘ಸಾಮಥ್ರ್ಯ’ವೆಂದೂ ‘ಮರ್ತ್ಯ’ವನ್ನು ‘ಮತ್ರ್ಯ’ವೆಂದೂ ಮಾಡಿಟ್ಟಿತು. ಇಂಥ ರೂಪಗಳನ್ನು ಅಂತರ್ಜಾಲದ ಸುದ್ದಿಪುಟಗಳಲ್ಲಿ ಕಂಡು, ಈಗಿನವರಿಗೆ ಕಾಗುಣಿತ ಬಾರದೆಂದು ನಾವು ಎಷ್ಟೋ ಸಲ ಗೊಣಗಿದ್ದುಂಟು. ಕಾರಣ ಬೇರೆಯೇ ಇದೆ. ನಾವು ಕೈಯಲ್ಲಿ ಬರೆಯುವಾಗ ಅರ್ಕಾವೊತ್ತನ್ನು ಕೊನೆಗೆ ಹಾಕುತ್ತೇವೆ. ಹಳೆಯ ಫಾಂಟೂ ಹಾಗೆಯೇ ಮಾಡುತ್ತದೆ. ಉಚ್ಚಾರದಲ್ಲಿಯಾದರೋ ರೇಫವೇ ಮೊದಲು; ಯೂನಿಕೋಡ್ ಆ ಉಚ್ಚಾರಕ್ರಮವನ್ನು ಹಿಡಿಯುತ್ತದೆ. ಆದ್ದರಿಂದ ಪರಿವರ್ತಕವು ರೇಫವನ್ನು ಎತ್ತಿ ಇಡೀ ಒತ್ತಕ್ಷರದ ಹಿಂದಕ್ಕೆ ಒಯ್ಯಬೇಕು. ಒಂದೇ ಹೆಜ್ಜೆ ಹಿಂದೆ ಸರಿದು ನಿಂತರೆ ಯಕಾರವನ್ನು ದಾಟುತ್ತದೆ, ಥಕಾರವನ್ನು ದಾಟುವುದಿಲ್ಲ. ಶಬ್ದಮಣಿದರ್ಪಣದ ಸಂಧಿಪ್ರಕರಣವನ್ನು ಬಾಯಿಪಾಠ ಮಾಡಿದ ನಮಗೆ ಇದು ತಟ್ಟನೆ ತಿಳಿಯಿತು. ಅವಳೇ ಆ ನಿಯಮವನ್ನು ತಿದ್ದಿದಳು. ನಾವು ಪಕ್ಕದಲ್ಲಿ ಕುಳಿತು ಉದಾಹರಣೆಗಳನ್ನು ಒದಗಿಸಿದೆವು. ಬಹುಕಾಲದ ಮೇಲೆ ಪಾಠಶಾಲೆಯ ಸುಖ ದೊರೆಯಿತು.

ಹಂತಿಯ ತೊಡಕು ಇನ್ನೊಂದು ಬಗೆಯದು. ಪುಟದಲ್ಲಿ ‘ಹಂತಿ’ ಸರಿಯಾಗಿಯೇ ಕಾಣುತ್ತಿತ್ತು. ಹುಡುಕಿದರೆ ಮಾತ್ರ ಗಣಕವು ಇಲ್ಲವೆನ್ನುತ್ತಿತ್ತು. ಬೆರಳಚ್ಚಿನವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದ್ದರು. ನಮ್ಮ ಕಣ್ಣಿಗೆ ಎರಡೂ ಒಂದೇ ದುಂಡು. ಗಣಕಕ್ಕೆ ಒಂದು ಅಕ್ಷರ, ಮತ್ತೊಂದು ಲೆಕ್ಕ. ಅಕ್ಷರಗಳ ನಡುವೆ ಸಿಕ್ಕಿಬಿದ್ದ ಸೊನ್ನೆಗಳನ್ನೆಲ್ಲ ಒಂದೇ ಸಲಕ್ಕೆ ಸರಿಪಡಿಸಲು ಸಾಧ್ಯವಾಯಿತು.

ಆದರೆ ಹಗೇಮ? ಇದೂ ಪರಿವರ್ತಕದ ದೋಷವೆಂದು ನಾವು ಪಟ್ಟುಹಿಡಿದೆವು. ಮೂರನೆಯ ದಿನ ಅವಳು ಹಳೆಯ ಫಾಂಟನ್ನು ಎಲ್ಲಿಂದಲೋ ದೊರಕಿಸಿ, ಮೂಲ ಕಡತವನ್ನು ಇದ್ದ ಹಾಗೆಯೇ ತೆರೆದು ತೋರಿಸಿದಳು. ಅಲ್ಲಿಯೂ ‘ಹಗೇಮ’ ಎಂದೇ ಇತ್ತು! ವಕಾರಕ್ಕೆ ಸಾಮಾನ್ಯ ಕೊಂಬು ಹತ್ತಿಸಿದರೆ ಅದು ಮಕಾರವಾಗುತ್ತದೆ. ಅದಕ್ಕೆಂದೇ ‘ವು’ ಬರೆಯುವಾಗ ಕೊಂಬನ್ನು ಕೆಳಗಿನಿಂದ ಎಳೆಯುವುದು. ಫಾಂಟಿನಲ್ಲಿಯೂ ಅದಕ್ಕೆ ಬೇರೆ ತುಂಡೇ ಇದೆ. ಟೈಪ್‌ರೈಟರಿನಲ್ಲಿ ಪಳಗಿದ ಬೆರಳು ಒಮ್ಮೆ ಬೇರೆ ಕೊಂಬನ್ನು ಒತ್ತಿತ್ತು, ಅಷ್ಟೆ. ಪರಿವರ್ತಕವು ತನಗೆ ಕೊಟ್ಟುದನ್ನು ನಿಷ್ಠೆಯಿಂದ ಆಚೆಗೆ ದಾಟಿಸಿತ್ತು. ಆ ಪುಟದ ಕರಡನ್ನು ೨೦೦೨ರಲ್ಲಿ ತಿದ್ದಿದವರು ಯಾರು? ನಾವೇ. ಪದವು ಬಾಯಿಗೆ ಬಂದಿದ್ದುದರಿಂದ ಕಣ್ಣು ನೋಡದೆಯೇ ಮುಂದೆ ಸರಿದಿತ್ತು. ಅವಳಿಗೆ ನಾವು, “ತಪ್ಪು ನಮ್ಮದು ತಾಯಿ” ಎಂದೆವು. ಅವಳು ತಲೆ ತಗ್ಗಿಸಿ ನಕ್ಕಳು.

ಆಗ ನಮಗೆ ನಿಜವಾದ ಅಂಜಿಕೆ ಹುಟ್ಟಿತು. ಹಗೇವು ನಮಗೆ ಗೊತ್ತಿದ್ದ ಪದ, ತಿದ್ದಿದೆವು. ಗೊತ್ತಿಲ್ಲದ ಪದಗಳ ಗತಿಯೇನು? ದಕಾರದ ಹೊಟ್ಟೆಯ ಸೀಳೊಂದು ಬಿಟ್ಟುಹೋಗಿದ್ದರೆ ಅದು ಧಕಾರವಾಗಿತ್ತೆಂದು ಯಾವ ಪರಿವರ್ತಕವೂ ಹೇಳಲಾರದು. ಹೇಳಬಲ್ಲವರು ಲಿಂಗೈಕ್ಯರಾಗಿದ್ದಾರೆ. ಹೇಳಬಹುದಾಗಿದ್ದ ಚೀಟಿಯನ್ನು ಗೆದ್ದಲು ತಿಂದಿದೆ.

ಇಡೀ ಪಟ್ಟಿಯನ್ನು ಓದಿ, ಸಂದೇಹ ಬಂದ ಪದಗಳಿಗೆ ಕೆಂಪು ಗುರುತು ಹಾಕಿದೆವು. ನಲವತ್ತಕ್ಕೂ ಮಿಕ್ಕಿ ಬಂದುವು. ಪ್ರತಿ ಪದದೊಂದಿಗೂ ಗುರುಬಂಧುಗಳು ಊರಿನ ಹೆಸರು ಬರೆದಿಟ್ಟಿದ್ದು ನಮ್ಮ ಪುಣ್ಯ. ಆ ಊರುಗಳಿಗೆ ಹೋಗಿ ಹಿರಿಯರ ಮುಂದೆ ವಸ್ತುವನ್ನು ವರ್ಣಿಸಿ, “ಇದಕ್ಕೇನಂತೀರಿ ಯಪ್ಪಾ?” ಎಂದು ಕೇಳುತ್ತ ಬಂದೆವು, ಪದವನ್ನು ನಾವಾಗಿ ಉಚ್ಚರಿಸಲಿಲ್ಲ. ಟ್ರ್ಯಾಕ್ಟರು ಬಂದು ಕಣ, ಮೇಟಿಗಳು ಹೋದ ಊರುಗಳಲ್ಲಿ ಉತ್ತರ ಸಿಗುವುದು ಕಷ್ಟ. ಆದರೂ ಮೂವತ್ತರಷ್ಟು ತೀರ್ಮಾನವಾದುವು.

ಈ ನಡುವೆ ಪುಸ್ತಕದ ಮುದ್ರಣಕ್ಕೆ ಭಕ್ತರೊಬ್ಬರು ಮುಂದೆ ಬಂದಿದ್ದಾರೆ. ಮುದ್ರಣಾಲಯದಲ್ಲಿ ಇಂದಿಗೂ ಪೇಜ್‌ಮೇಕರ್ ತಂತ್ರಾಂಶವೇ. ಅದಕ್ಕೆ ಯೂನಿಕೋಡ್ ತಿಳಿಯದು. ಆದ್ದರಿಂದ ಇಷ್ಟು ಕಷ್ಟಪಟ್ಟು ಈಚೆಗೆ ತಂದುದನ್ನೆಲ್ಲ ಮತ್ತೆ ಹಳೆಯ ಸಂಕೇತಕ್ಕೆ ತಿರುಗಿಸಿ ಕೊಡಬೇಕಂತೆ! ಯೂನಿಕೋಡ್ ಪ್ರತಿಯನ್ನು ಮೂರು ಕಡೆ ಇಡಿಸಿದ್ದೇವೆ. ಕಾಗದದ ಮೇಲೂ ಒಂದು ಪ್ರತಿ ತೆಗೆಸಿ ತಗಡಿನ ಡಬ್ಬಿಗೆ ಹಾಕಿದ್ದೇವೆ. ಹನ್ನೊಂದು ಪದಗಳ ಕೆಂಪು ಗುರುತು ಇನ್ನೂ ಹಾಗೆಯೇ ಇದೆ. ಅವುಗಳಲ್ಲಿ ನಾಲ್ಕರ ಮುಂದೆ ನವಲಗುಂದ ಸೀಮೆಯ ಒಂದೇ ಊರಿನ ಹೆಸರಿದೆ. ಸುಗ್ಗಿ ಮುಗಿದ ಮೇಲೆ ಬನ್ನಿರೆಂದು ಅಲ್ಲಿಯ ಹಿರಿಯರೊಬ್ಬರು ಹೇಳಿಕಳಿಸಿದ್ದಾರೆ.