ಆಟ ಮುಗಿಯುವವರೆಗೆ ಜಾಗರಣೆ

ಕಂಪ್ಯೂಟರಿನಲ್ಲಿ ಆಟ ಆಡುವುದು ಒಂದು ಸುಖ, ಆಟಕ್ಕೆಂದು ಕಂಪ್ಯೂಟರನ್ನು ಪಳಗಿಸುವುದು ಇನ್ನೊಂದು. ಎರಡನೆಯದರ ರುಚಿ ಹತ್ತಬೇಕಾದರೆ ಲಿನಕ್ಸ್ ಬಳಸಬೇಕು.

ಸೋಫಾದಲ್ಲಿ ಒರಗಿ, ಗೇಮ್‌ಪ್ಯಾಡ್ ಹಿಡಿದು, ಹಳೆಯ ರೇಸಿನ ಕೊನೆಯ ಸುತ್ತಿನಲ್ಲಿ ಮುಂದಿನ ಕಾರನ್ನು ಇನ್ನೇನು ಹಿಂದೆ ಹಾಕಬೇಕು, ಪರದೆ ಕಪ್ಪಗಾಗುತ್ತದೆ. ಬೆವರುವ ಹಾಗೆ ಗುಂಡಿ ಒತ್ತುತ್ತಿದ್ದರೂ ಯಂತ್ರದ ಲೆಕ್ಕದಲ್ಲಿ ನಾನು ಎದ್ದು ಹೋಗಿದ್ದೇನೆ! ಕೀಬೋರ್ಡ್, ಮೌಸ್ ಮುಟ್ಟಿದರೆ ಮಾತ್ರ ಅದಕ್ಕೆ ಆಳಿನ ಸುಳಿವು.

ಇದರ ಹಿಂದೊಂದು ನ್ಯಾಯವಿದೆ. ಡೆಸ್ಕ್‌ಟಾಪಿಗೆ ಕೀಲಿ, ಮೌಸುಗಳ ಸುದ್ದಿ ಮುಟ್ಟಿಸುವ ಲಿಬ್‌ಇನ್‌ಪುಟ್ ಗೇಮ್‌ಪ್ಯಾಡಿನ ಗೋಜಿಗೆ ಬೇಕೆಂದೇ ಹೋಗುವುದಿಲ್ಲ. ಅದನ್ನು ಆಟಗಳೇ ನೇರವಾಗಿ ಓದಿಕೊಳ್ಳುತ್ತವೆ. ಟರ್ಮಿನಲ್ಲಿನಲ್ಲಿ ಗೇಮ್‌ಪ್ಯಾಡ್ ಪರೀಕ್ಷಿಸುವ ಜೆಎಸ್‌ಟೆಸ್ಟ್ ಓಡಿಸಿ ನೋಡಿ, ತಮಾಷೆಯಿದೆ. ಗೇಮ್‌ಪ್ಯಾಡಿನ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಅಂಕಿ ಸರಸರನೆ 32767ಕ್ಕೆ ಏರುತ್ತದೆ, ಎಡಕ್ಕೆ ಎಳೆದರೆ ಅಷ್ಟೇ ಋಣಕ್ಕೆ ಇಳಿಯುತ್ತದೆ. ಸವೆದ ಕಡ್ಡಿಯಾದರೆ, ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಅಂಕಿಗಳು ಮಿಡುಕುತ್ತಲೇ ಇರುತ್ತವೆ. ಅಂಥ ಪ್ರತಿ ಮಿಡುಕಿಗೂ ಎಚ್ಚರವಾಗುವ ಕಂಪ್ಯೂಟರಿಗೆ ಜನ್ಮದಲ್ಲಿ ನಿದ್ದೆ ಬರಲಿಕ್ಕಿಲ್ಲ.

ಹಾಗಾಗಿ ಎಚ್ಚರ ಕಾಯುವ ಹೊಣೆ ಆಟದ್ದು. ಎಸ್‌ಡಿಎಲ್ ಎಂಬ ಲೈಬ್ರರಿ ತನ್ನ 2.0.2 ಆವೃತ್ತಿಯಿಂದ ಸ್ಕ್ರೀನ್‌ಸೇವರನ್ನು ತಾನಾಗಿ ತಡೆಯುತ್ತದೆ, ಅದನ್ನು ನಂಬಿದ ಆಟಗಳಿಗೆ ಚಿಂತೆಯಿಲ್ಲ. ಉಳಿದವಕ್ಕೆ ನಾವೇ ದಾರಿ ಹುಡುಕಬೇಕು. ಸೆಟ್ಟಿಂಗ್ಸಿಗೆ ಹೋಗಿ ನಿದ್ದೆಯನ್ನೇ ರದ್ದು ಮಾಡುವುದು ಎಲ್ಲಕ್ಕಿಂತ ಸುಲಭ, ಆದರೆ ನನಗೆ ಒಗ್ಗದು. ಆಟ ಮುಗಿದು ನಾವು ಮಲಗಿದ ಮೇಲೂ ಪರದೆ ಉರಿಯುತ್ತಿರುತ್ತದೆ, ಲ್ಯಾಪ್‌ಟಾಪಾದರೆ ಬೆಳಗಿನೊಳಗೆ ಬ್ಯಾಟರಿ ಖಾಲಿ.

ನನಗೆ ಇಷ್ಟವಾದದ್ದು ಸಿಸ್ಟಂಡಿ-ಇನ್‌ಹಿಬಿಟ್ ಎಂಬ ಆಜ್ಞೆ. ಆಟದ ಆಜ್ಞೆಯ ಮುಂದೆ ಈ ಹೆಸರು ಬರೆದರೆ ಸಾಕು, ಶಿವರಾತ್ರಿಯ ಜಾಗರಣೆಯಂತೆ ಹೊತ್ತು ಗೊತ್ತುಮಾಡಿದ ಎಚ್ಚರ. ಆಟ ಓಡುವಷ್ಟು ಹೊತ್ತು ನಿದ್ದೆಗೆ ತಡೆ, ಆಟ ಮುಚ್ಚಿದೊಡನೆ ಅದೂ ಮಾಯ. ನಡುವೆ ಆಟ ಕುಸಿದು ಬಿದ್ದರೂ ಅಷ್ಟೇ, ತಡೆ ಅನಾಥವಾಗಿ ಉಳಿಯುವುದಿಲ್ಲ. ಗ್ನೋಮ್ ಡೆಸ್ಕ್‌ಟಾಪ್ ಬಳಸುವವರಿಗೆ ಇದೇ ಜಾತಿಯ ಗ್ನೋಮ್-ಸೆಷನ್-ಇನ್‌ಹಿಬಿಟ್ ಇದೆ, ಪರದೆ ಆರದಂತೆ ಅದು ನೋಡಿಕೊಳ್ಳುತ್ತದೆ.

ತಡೆಗೆ ಕಾರಣ ಬರೆಯಲೂ ಜಾಗವಿದೆ. ನಾನು ಅಲ್ಲಿ ‘ಆಟ ನಡೀತಿದೆ’ ಎಂದು ಕನ್ನಡದಲ್ಲೇ ಬರೆಯುತ್ತೇನೆ. ತಡೆಗಳ ಪಟ್ಟಿ ತೆಗೆದು ನೋಡಿದರೆ, ಯಾರು ತಡೆದರು, ಏನನ್ನು ತಡೆದರು, ಏಕೆ ತಡೆದರು ಎಂಬ ಅಂಕಣಗಳ ನಡುವೆ ನೆಟ್‌ವರ್ಕ್‌ಮ್ಯಾನೇಜರಿನಂಥ ಘನ ಗಂಭೀರರ ಸಾಲಿನಲ್ಲಿ ನನ್ನ ಆಟಕ್ಕೂ ಒಂದು ಆಸನ. ದುಡಿಮೆಯಷ್ಟೇ ಮರ್ಯಾದೆಯನ್ನು ಆಟಕ್ಕೂ ಕೊಡುವ ಕಚೇರಿ ಬೇರೆಲ್ಲಿ ಸಿಕ್ಕೀತು?

ರೇಸಿನಲ್ಲಿ ಸೋಲು ಗೆಲುವು ಇದ್ದದ್ದೇ. ಆ ಒಂದು ಸಾಲು ಟೈಪಿಸಿ ಎಂಟರ್ ಒತ್ತಿದಾಗಲೇ ನನ್ನ ಆಟ ಶುರು.