ಸ್ತವನಿಧಿ ಘಾಟು ಇಳಿದ ಮೇಲೆ ಮೈಲೇಜು ಎಷ್ಟು?

"ಅಣ್ಣಾ, ಇಪ್ಪತ್ತು ಕೊಡೋ ಗಾಡಿ ಮೂವತ್ತೆರಡು ಕೊಡಾಕತ್ತೈತಿ!"

ಬೆಳಗಾವಿಯಿಂದ ಕಾಕಾನ ಮಗನ ಫೋನು ಬಂದಾಗ ನಾನು ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಎರಡನೇ ಗೇರಿಗೂ ಗತಿಯಿಲ್ಲದೆ ಕೂತಿದ್ದೆ. ತಮ್ಮನದು ಅಲ್ಲಿ ಚಿಕ್ಕ ಗ್ಯಾರೇಜು. ನೀರಿನಿಂದ ಗ್ಯಾಸು ಮಾಡಿ ಎಂಜಿನ್ನಿಗೆ ಕೊಡುವ ಒಂದು ಕಿಟ್ಟನ್ನು ಯಾರೋ ತಂದು ಅವನ ಕಾರಿಗೇ ಹಾಕಿ ತೋರಿಸಿದ್ದರಂತೆ. ಈಗ ಇಡೀ ಜಿಲ್ಲೆಗೆ ಡೀಲರ್‌ಶಿಪ್ ಕೊಡುತ್ತಾರೆ, ಮೂರು ಲಕ್ಷ ಡಿಪಾಜಿಟ್. ನಲವತ್ತು ಸಾವಿರ ಕೊಟ್ಟಾಗಿದೆ, ಉಳಿದದ್ದು ಮಂಗಳವಾರ ಕೊಡಬೇಕು.

"ಮಂಗಳವಾರದ ತನಕ ತಡಿ, ನಾನು ಬರ್ತೀನಿ" ಅಂದೆ.

ನಾವು ಪುಣೆಯಲ್ಲಿ ಕಾರಿನ ಹುಚ್ಚಿರುವ ನಾಲ್ಕೈದು ಕನ್ನಡಿಗರಿದ್ದೇವೆ. ಭಾನುವಾರ ಬೆಳಗ್ಗೆ ವೇತಾಳ ಟೇಕಡಿ ಹತ್ತಿ, ಇಳಿದು ಚಹಾ ಕುಡಿಯುತ್ತಾ ಇಂಥ ಮಾತುಗಳನ್ನೇ ಸೋಸುವುದು ನಮ್ಮ ಕೆಲಸ. ಆ ಗುಡ್ಡದ ಮೇಲೇ ಎಆರ್‌ಎಐ ಇದೆ. ಹೊಸ ಕಾರಿನ ಜಾಹೀರಾತಿನಲ್ಲಿ ಬರುವ ಮೈಲೇಜಿನ ಅಂಕಿಗೆ ಜನ ಹೇಳುವುದು ಇದೇ ಸಂಸ್ಥೆಯ ಹೆಸರು. ಆ ಪರೀಕ್ಷೆ ರಸ್ತೆಯಲ್ಲಿ ನಡೆಯುವುದಿಲ್ಲ. ಪ್ರಯೋಗಾಲಯದಲ್ಲಿ ರೋಲರ್ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ, ಗಂಟೆಗೆ 90 ಕಿಲೋಮೀಟರ್ ದಾಟದ ಒಂದು ಗೊತ್ತಾದ ಕ್ರಮದಲ್ಲಿ ಇಪ್ಪತ್ತು ನಿಮಿಷದಷ್ಟು ಓಡಿಸುತ್ತಾರೆ. ಅಲ್ಲಿ 22 ಬಂದ ಕಾರು ನಮ್ಮ ಕೈಯಲ್ಲಿ 17 ಕೊಟ್ಟರೆ ಯಾರೂ ಮೋಸ ಮಾಡಿದಂತಲ್ಲ. ಆದರೆ ರಸ್ತೆಯಲ್ಲಿ 20 ಕೊಡುವುದು ಒಂದು ಡಬ್ಬಿಯಿಂದ 32ಕ್ಕೆ ಏರಿತು ಅಂದರೆ ಕಿವಿ ನೆಟ್ಟಗಾಗಬೇಕು.

ಶುಕ್ರವಾರ ರಜೆ ಹಾಕಿ ಇಬ್ಬರು ಗೆಳೆಯರೊಂದಿಗೆ ಹೊರಟೆ. ಕಾತ್ರಜ್ ಸುರಂಗ, ಖಂಬಾಟ್ಕಿ ಘಾಟು, ಸಾತಾರಾ, ಕರಾಡ. ರಸ್ತೆ ಅಗಲ ಮಾಡುವ ಕೆಲಸದಿಂದ ಅಲ್ಲಲ್ಲಿ ಡೈವರ್ಷನ್, ಲಾರಿಗಳ ಹಿಂದೆ ತೆವಳಾಟ. ಊರಿಗೆ ಹೋಗುವಾಗ ನಮ್ಮ ಕಾರು ಯಾವಾಗಲೂ ಸ್ವಲ್ಪ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಬರುವಾಗ ಕಡಿಮೆ. "ಊರು ಬಿಟ್ಟು ಬರೋದು ಕಾರಿಗೆ ಸಲೀಸು, ನಮಗೇ ಕಷ್ಟ" ಅಂತ ಹೆಂಡತಿ ತಮಾಷೆ ಮಾಡುತ್ತಾಳೆ. ಕಾರಣ ಸರಳ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಬೆಳಗಾವಿ ಸುಮಾರು 750. ಮೂರು ಜನರಿರುವ ಸಣ್ಣ ಕಾರನ್ನು ಅಷ್ಟು ಮೇಲಕ್ಕೆ ಎತ್ತುವುದಕ್ಕೇ ಕಾಲು ಲೀಟರ್ ಪೆಟ್ರೋಲ್ ಬೇಕು.

ದಾರಿಯಲ್ಲಿ ಹಳೆಯ ಕಥೆಗಳೆಲ್ಲ ಹೊರಬಂದವು. ಚೆನ್ನೈನಲ್ಲಿ ಹತ್ತು ವರ್ಷ ಇದ್ದು ಬಂದ ಗೆಳೆಯ ರಾಮರ್ ಪಿಳ್ಳೈ ಪ್ರಸಂಗ ತೆಗೆದ. 1996ರಲ್ಲಿ ಗಿಡಮೂಲಿಕೆ ಮತ್ತು ನೀರಿನಿಂದ ಪೆಟ್ರೋಲ್ ಮಾಡುತ್ತೇನೆಂದು ಇಡೀ ದೇಶವನ್ನು ಬೆರಗುಗೊಳಿಸಿದ ಮನುಷ್ಯ ಆತ. 2016ರಲ್ಲಿ ಚೆನ್ನೈನ ನ್ಯಾಯಾಲಯ ವಂಚನೆಗಾಗಿ ಮೂರು ವರ್ಷ ಶಿಕ್ಷೆ ಕೊಟ್ಟಿತು.

ನಾನು ನನ್ನ ಕಥೆಯನ್ನೂ ಹೇಳಿದೆ. ಮೊದಲ ಕಾರು ಕೊಂಡಾಗ 1,200 ರೂಪಾಯಿ ಕೊಟ್ಟು ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ ತರಿಸಿದ್ದೆ. ಎಂಟೆಕ್ ಮಾಡಿದವನು! ಆ ತಿಂಗಳು ಮೈಲೇಜು ನಿಜವಾಗಿಯೂ ಒಂದೂವರೆ ಕಿಲೋಮೀಟರ್ ಹೆಚ್ಚಿತು. ಮೈಲೇಜು ನೋಡಬೇಕೆಂಬ ಆಸೆಗೆ ನಾನು ಮೆಲ್ಲಗೆ ಓಡಿಸುತ್ತಿದ್ದೆ ಅನ್ನುವುದು ಹೊಳೆದದ್ದು ಮೂರು ತಿಂಗಳಾದ ಮೇಲೆ. ಅಯಸ್ಕಾಂತ ಪೆಟ್ರೋಲಿಗೆ ಏನೂ ಮಾಡಿರಲಿಲ್ಲ, ನನ್ನ ಬಲಗಾಲಿಗೆ ಮಾಡಿತ್ತು.

ಕೊಲ್ಹಾಪುರದಲ್ಲಿ ಮಿಸಳ್ ತಿಂದು, ಕಾಗಲ್ ದಾಟಿ, ದೂಧಗಂಗಾ ಸೇತುವೆಯಾದ ಮೇಲೆ ಕನ್ನಡದ ಬೋರ್ಡುಗಳು. ಎಷ್ಟು ಸಲ ಬಂದರೂ ಇಲ್ಲಿ ಯಾರಾದರೊಬ್ಬರು "ಬಂತು" ಅನ್ನದೆ ಇರುವುದಿಲ್ಲ. ಪುಣೆಯವರಿಗೆ ಇನ್ನೊಂದು ಸಂತೋಷವೂ ಉಂಟು, ಪೆಟ್ರೋಲು ಇತ್ತ ಕಡೆ ಸ್ವಲ್ಪ ಅಗ್ಗ. ನಿಪ್ಪಾಣಿಯ ನಂತರ ರಸ್ತೆ ಸ್ತವನಿಧಿ ಘಾಟು ಏರುತ್ತದೆ. ಮರಾಠಿಯವರು ತವಂದಿ ಅನ್ನುವ ಇದು ದೊಡ್ಡ ಘಾಟೇನಲ್ಲ. ಆದರೆ ನಮ್ಮ ಕಥೆಯ ಗುಟ್ಟು ಇಲ್ಲೇ ಇತ್ತು ಅನ್ನುವುದು ಆಗ ಗೊತ್ತಿರಲಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತಾ ಕಾಕು ಮೆಲ್ಲಗೆ ಅಂದಳು: "ನೀ ಓದಿದಾವ, ಸರೀಗೆ ನೋಡಿ ಹೇಳಪಾ. ಸೊಸೀ ಪಾಟ್ಲಿ ಸೊಸೈಟ್ಯಾಗ ಇಟ್ಟಾನ." ಆಮೇಲೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಶನಿವಾರ ಬೆಳಗ್ಗೆ ತಮ್ಮ ಬಾನೆಟ್ ಎತ್ತಿ ತೋರಿಸಿದ. ಪ್ಲಾಸ್ಟಿಕ್ ಜಾಡಿ, ಒಳಗೆ ಸ್ಟೀಲ್ ಪಟ್ಟಿಗಳು, ಬ್ಯಾಟರಿಯಿಂದ ವೈರು, ಗಾಳಿ ಪೈಪಿಗೆ ಒಂದು ನಳಿಗೆ. ವಿದ್ಯುತ್ತು ಹರಿದಾಗ ಗುಳ್ಳೆಗಳು ಏಳುತ್ತವೆ, ಹೈಡ್ರೋಜನ್ ಮತ್ತು ಆಕ್ಸಿಜನ್. ಅದು ಸುಳ್ಳಲ್ಲ. ನೋಡಿದವರು ಮರುಳಾಗುವುದು ಅದಕ್ಕೇ.

"ಎಷ್ಟು ಕರೆಂಟ್ ಎಳೀತದ, ಅಳಿ" ಅಂದೆ. ತಮ್ಮ ಕ್ಲಾಂಪ್ ಮೀಟರ್ ಹಾಕಿದ. ಹತ್ತು ಆಂಪಿಯರ್. ಹದಿನಾಲ್ಕು ವೋಲ್ಟಿಗೆ 140 ವ್ಯಾಟ್. ಗಂಟೆಗೆ 80ರಲ್ಲಿ ಹೋಗುವ ಈ ಕಾರು ಗಂಟೆಗೆ ನಾಲ್ಕು ಲೀಟರ್ ಮೇಲೆ ಪೆಟ್ರೋಲ್ ಸುಡುತ್ತದೆ. ಅದರ ಶಾಖವನ್ನು ವ್ಯಾಟಿನಲ್ಲಿ ಹೇಳಿದರೆ ಸುಮಾರು 37,000. ಜಾಡಿ ಒಂದು ಚೂರೂ ಪೋಲು ಮಾಡದಿದ್ದರೂ ಅದು ಕೊಡುವುದು ಇದರ ನೂರರಲ್ಲಿ ಅರ್ಧ ಪಾಲೂ ಅಲ್ಲ. ಆ 140 ವ್ಯಾಟಾದರೂ ಬಂದದ್ದು ಆಲ್ಟರ್ನೇಟರಿನಿಂದ, ಅದನ್ನು ತಿರುಗಿಸುವುದು ಅದೇ ಎಂಜಿನ್, ಅದೇ ಪೆಟ್ರೋಲ್. ತಮ್ಮ ಮೆಕ್ಯಾನಿಕ್, ಇದು ಅವನಿಗೆ ತಿಳಿಯದ ವಿಷಯವಲ್ಲ. ಆದರೂ "ನಾ ಕಣ್ಣಾರೆ ನೋಡೇನಿ ಅಣ್ಣಾ" ಅಂದ. ಕಣ್ಣಿಗೆ ಉತ್ತರ ಕೊಡಬೇಕಾದದ್ದು ಲೆಕ್ಕದಿಂದಲ್ಲ, ಕಣ್ಣಿನಿಂದಲೇ.

ಹಾಗಾಗಿ ಟ್ಯಾಂಕಿನಿಂದ ಟ್ಯಾಂಕಿಗೆ ಪರೀಕ್ಷೆ. ಅದೇ ಪಂಪು, ಅದೇ ನಳ. ನಳ ತಾನಾಗಿ ನಿಂತ ಕೂಡಲೇ ನಿಲ್ಲಿಸುವುದು, ಮೇಲೆ ತುಂಬಿಸಬಾರದು. ಗಾಳಿ ಒತ್ತಡ ಎರಡೂ ದಿನ ಒಂದೇ, ಡ್ರೈವರ್ ತಮ್ಮನೇ, ವೇಗ 80, ಎಸಿ ಆಫ್. ಬೆಳಗಾವಿಯಿಂದ ನಿಪ್ಪಾಣಿಗೆ ಹೋಗಿ ಬಂದು, ಮತ್ತೆ ಹೋಗಿ ಬರುವುದು. ಹೋಗಿ ಬಂದರೆ ಏರಿಳಿತ ಸರಿದೂಗುತ್ತದೆ. ಶನಿವಾರ ಕಿಟ್ ಆಫ್, ಭಾನುವಾರ ಆನ್.

ಹತ್ತರಗಿ, ಸಂಕೇಶ್ವರ ದಾಟಿ ಘಾಟಿನ ನೆತ್ತಿಗೆ ಬಂದಾಗ ತಮ್ಮ ಸಹಜವಾಗಿ ಹೇಳಿದ: "ಇಲ್ಲೇ ನೋಡ್ರಿ, ಅವ್ರು ಮೀಟರ್ ಝೀರೋ ಮಾಡಿ ನಿಪ್ಪಾಣಿ ತನಕ ಹೊಡದು ತೋರ್ಸಿದ್ರು."

ಹಿಂದೆ ಕೂತಿದ್ದ ಇಬ್ಬರೂ ಒಟ್ಟಿಗೆ ಮುಂದೆ ಬಾಗಿದರು. "ಈಗಲೂ ಝೀರೋ ಮಾಡು."

ಇಳಿಜಾರಿನಲ್ಲಿ ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಷನ್ ಇರುವ ಇಂದಿನ ಎಂಜಿನ್ನುಗಳು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತವೆ. ಗಾಡಿ ಓಡುತ್ತಿರುತ್ತದೆ, ಖರ್ಚು ಸೊನ್ನೆ. ಘಾಟು ಇಳಿದು ನಿಪ್ಪಾಣಿ ಹತ್ತಿರ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ 34 ಇತ್ತು. ಕಿಟ್ ಆಫ್ ಇತ್ತು.

ತಮ್ಮ ಗಾಡಿ ಪಕ್ಕಕ್ಕೆ ಹಾಕಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ "ಚಹಾ ಕುಡ್ಯೂಣು" ಅಂದ.

ಆದರೂ ಪರೀಕ್ಷೆ ಅರ್ಧಕ್ಕೆ ಬಿಡಲಿಲ್ಲ, ಅದು ಅವನದೇ ಹಟ. ಶನಿವಾರ, ಕಿಟ್ ಇಲ್ಲದೆ: 304 ಕಿಲೋಮೀಟರಿಗೆ 15.9 ಲೀಟರ್, ಅಂದರೆ 19.1. ಭಾನುವಾರ, ಕಿಟ್ ಜೊತೆ: ಅಷ್ಟೇ ದೂರಕ್ಕೆ 16.2 ಲೀಟರ್, 18.8. ಈ ಸಣ್ಣ ವ್ಯತ್ಯಾಸ ಪಂಪಿನ ನಳ ನಿಲ್ಲುವ ಹೆಚ್ಚುಕಡಿಮೆಯಲ್ಲೇ ಮುಚ್ಚಿಹೋಗುತ್ತದೆ, ಹಾಗಾಗಿ ಕಿಟ್ಟು ಮೈಲೇಜು ಕೆಡಿಸುತ್ತದೆ ಅಂತ ನಾವು ಹೇಳಲಾರೆವು. ಆದರೆ 32 ನಿಜವಾಗಿದ್ದರೆ 9.5 ಲೀಟರ್ ಸಾಕಿತ್ತು. ಆರೂವರೆ ಲೀಟರ್ ಯಾವ ನಳದಲ್ಲೂ ಅಡಗುವುದಿಲ್ಲ.

ಕಿಟ್ಟಿನ ಜೊತೆ ಇನ್ನೊಂದು ಚಿಕ್ಕ ಪೆಟ್ಟಿಗೆಯೂ ಬಂದಿತ್ತು, ಆಕ್ಸಿಜನ್ ಸೆನ್ಸರಿನ ವೈರಿನ ನಡುವೆ ಸೇರಿಸಲು. ಸೆನ್ಸರಿಗೆ ಸುಳ್ಳು ಹೇಳಿಸಿ ಪೆಟ್ರೋಲ್ ಕಡಿಮೆ ಬೀಳುವಂತೆ ಮಾಡುವ ಉಪಾಯ. ಅತಿಯಾದರೆ ಎಂಜಿನ್ ಬಡಿದುಕೊಳ್ಳುತ್ತದೆ, ವಾಲ್ವು ಸುಡುತ್ತದೆ. ಜೊತೆಗೆ, ಕಂಪನಿಯ ವಿನ್ಯಾಸ ಬದಲಾಗುವಂತೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. ನಾಳೆ ಬೆಳಗಾವಿಯ ಐವತ್ತು ಗಾಡಿಗಳಿಗೆ ಇದನ್ನು ಹಾಕಿ, ಅವು ಒಂದೊಂದಾಗಿ ತಿರುಗಿ ಬಂದರೆ ಜನ ಹುಡುಕಿಕೊಂಡು ಬರುವುದು ಕಿಟ್ಟು ಮಾರಿದವರನ್ನಲ್ಲ, ಗ್ಯಾರೇಜಿನ ಬೋರ್ಡಿನ ಮೇಲೆ ಹೆಸರಿರುವ ಕಾಕಾನ ಮಗನನ್ನು. ಅವನಿಗೆ ಹೆಚ್ಚು ನಾಟಿದ್ದು ಇದು.

"ನಲವತ್ತು ಸಾವಿರ ಹೋತು" ಅಂದ ರಾತ್ರಿ.

"ಎರಡು ಲಕ್ಷ ಅರವತ್ತು ಸಾವಿರ ಉಳೀತು" ಅಂದಳು ಒಳಗಿನಿಂದ ಕಾಕು.

ಸೋಮವಾರ ಕುಂದಾ ಕಟ್ಟಿಸಿಕೊಂಡು ಪುಣೆಗೆ ಹೊರಟೆವು. ಇಳಿಯುವ ದಾರಿ, ಕಾರು ಸಲೀಸಾಗಿ ಓಡಿತು. ನಲವತ್ತು ಸಾವಿರ ಇನ್ನೂ ವಾಪಸ್ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಪಾಟ್ಲಿ ಮಾತ್ರ ದೀಪಾವಳಿಗೆ ಬಿಡಿಸಿಕೊಂಡರು. ಗ್ಯಾರೇಜಿಗೆ ಯಾರಾದರೂ ಬಂದು "ಮೈಲೇಜ್ ಕಮ್ಮಿ ಆಗೈತ್ರಿ" ಅಂದರೆ ತಮ್ಮ ಮೊದಲು ಟೈರಿನ ಗಾಳಿ ನೋಡುತ್ತಾನೆ, ಆಮೇಲೆ ಬ್ರೇಕು ಹಿಡಿದಿದೆಯೇ, ಏರ್ ಫಿಲ್ಟರು, ಪ್ಲಗ್ಗು ನೋಡುತ್ತಾನೆ. ಸ್ವಲ್ಪ ಸಲಿಗೆಯಿದ್ದವರಾದರೆ ಬಲಗಾಲಿನ ಬಗ್ಗೆಯೂ ಕೇಳುತ್ತಾನಂತೆ.

ಜಾಡಿ ಈಗ ಗ್ಯಾರೇಜಿನ ಕಿಟಕಿಯಲ್ಲಿದೆ. ಅವನ ಹೆಂಡತಿ ಅದರಲ್ಲಿ ಮನಿ ಪ್ಲಾಂಟ್ ಹಾಕಿದ್ದಾಳೆ.